ಹದಿನಾರು ಪುಟಕ್ಕೆ ಹೊಂದಿಸಿದ ಮಾತು

ಆಗಸ್ಟ್ 4, ಸೋಮವಾರ

ಸಭಾಪಾಲಕರು ಇವತ್ತು ಪ್ರೆಸ್ಸಿಗೆ ಬಂದು ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. ಯಾವಾಗಲೂ ಬಾಗಿಲಲ್ಲೇ ನಿಂತು “ಆಯ್ತಾ?” ಎಂದು ಕೇಳಿ ಹೋಗುವವರು. ಕುಳಿತಿದ್ದಾರೆಂದರೆ ಏನೋ ಕೆಲಸ ಹಚ್ಚುತ್ತಾರೆ ಎಂದುಕೊಂಡೆ. ಹಾಗೇ ಆಯಿತು. ನಮ್ಮ ಯುವಜನ ಕೂಟಕ್ಕೆ ಒಂದು ಪುಸ್ತಿಕೆ ಬೇಕಂತೆ. ಕಾಲೇಜಿನಲ್ಲಿ, ಕೆಲಸದಲ್ಲಿ ಮುಸಲ್ಮಾನ ಗೆಳೆಯರು “ನಿಮ್ಮ ಗ್ರಂಥ ದೇವರು ಕೊಟ್ಟದ್ದೇ, ಆದರೆ ನಿಮ್ಮವರು ಅದನ್ನು ತಿದ್ದಿಬಿಟ್ಟರು” ಎಂದರೆ ನಮ್ಮವರು ತುಟಿ ಬಿಚ್ಚದೆ ಎದ್ದು ಬರುತ್ತಾರಂತೆ. ಹಿಂದಿನ ಗ್ರಂಥಗಳ ಬಗ್ಗೆ, ಪ್ರವಾದಿಗಳ ಬಗ್ಗೆ ಅವರ ನಂಬಿಕೆ ಏನು, ಕ್ರೈಸ್ತರಾದ ನಾವು ಅದನ್ನು ಹೇಗೆ ನೋಡಬೇಕು, ಅಷ್ಟನ್ನು ಬರೆಯಬೇಕು. ಹದಿನಾರೇ ಪುಟ. ನಮ್ಮ ಯಂತ್ರದಲ್ಲಿ ಒಂದು ಹಾಳೆ ಮಡಚಿದರೆ ಹದಿನಾರು ಪುಟವಾಗುತ್ತದೆ, ಅದರ ಮೇಲೆ ಒಂದು ಸಾಲೂ ಬೇಡ ಎಂದರು.

“ನಾನು ಪ್ರೂಫ್ ನೋಡೋಳು ಪಾಸ್ಟರ್, ಬರೆಯೋಳಲ್ಲ” ಎಂದೆ.

“ಮೂವತ್ತು ವರ್ಷದಿಂದ ಬೇರೆಯವರ ತಪ್ಪು ಹಿಡಿದಿದೀರಲ್ಲ, ಇನ್ನೇನು ಬೇಕು” ಎಂದರು. ಸಭೆಯ ಮುಂದೆ ನನ್ನ ಹೆಸರು ಓದುತ್ತಾರಂತೆ. ಬೇಡ ಬೇಡ ಎನ್ನುತ್ತಲೇ ಒಪ್ಪಿಕೊಂಡೆ.

ಮನೆಗೆ ಬಂದು ತಂಗಿಗೆ ಹೇಳಿದೆ. ಅವಳು ಆಸ್ಪತ್ರೆಯಲ್ಲಿ ನರ್ಸು, ಯಾವುದಕ್ಕೂ ಸುಲಭವಾಗಿ ಕರಗುವವಳಲ್ಲ. “ಹದಿನಾರು ಪುಟದಲ್ಲಿ ನಿನಗೆ ಮುನ್ನುಡಿಯೂ ಮುಗಿಯಲ್ಲ” ಎಂದಳು. ಹೊಸ ಕೆಲಸಕ್ಕೆ ಹೊಸ ದಿನಚರಿ ಇರಲಿ ಎಂದು ಈ ಪುಸ್ತಕ ತೆಗೆದಿದ್ದೇನೆ.

ಆಗಸ್ಟ್ 5, ಮಂಗಳವಾರ

ಪುಸ್ತಿಕೆಗೆ ಬೇಕಾದದ್ದೆಲ್ಲ ನನ್ನ ಎದುರಿನ ಕುರ್ಚಿಯಲ್ಲೇ ಕೂತಿದೆ. ಸಾಹೇಬರು. ಬೆನ್ನ ಹಿಂದೆ ಇಡೀ ಪ್ರೆಸ್ಸು ಅವರನ್ನು ‘ಗಂಟಲು’ ಎನ್ನುತ್ತದೆ, ಕೋಪ ಬಂದಾಗ ನಾನೂ ಎನ್ನುತ್ತೇನೆ. ಅವರ ಕೆಲಸವೇ ಗಂಟಲಿನದು. ಅವರು ಪ್ರೂಫನ್ನು ಗಟ್ಟಿಯಾಗಿ ಓದಬೇಕು, ನಾನು ಮೂಲಪ್ರತಿ ಹಿಡಿದು ಹಿಂಬಾಲಿಸಬೇಕು. ಓದುವುದೆಂದರೆ ಚಿಹ್ನೆಗಳ ಸಮೇತ. “ಅವನು ಎದ್ದು ಅಲ್ಪವಿರಾಮ ಹೊರಗೆ ಹೋದನು ಪೂರ್ಣವಿರಾಮ” ಎಂದು, ಏರಿಳಿತವಿಲ್ಲದೆ, ರೈಲು ಬರುವ ಹೊತ್ತು ಹೇಳುವವರ ಹಾಗೆ. ಪುಟ ಮುಗಿದರೆ “ಸರಿ ಇದೆ” ಎನ್ನುತ್ತಾರೆ.

ಸಭೆಯ ಪ್ರೆಸ್ಸಿನಲ್ಲಿ ಮುಸಲ್ಮಾನರೊಬ್ಬರು ಸುವಾರ್ತೆ ಓದುವುದೇಕೆ ಎಂದು ಹೊಸಬರು ಹುಬ್ಬೇರಿಸುತ್ತಾರೆ. ಪ್ರೆಸ್ಸು ಕಟ್ಟಿದ ಹಿರಿಯರು ಹಾಕಿಟ್ಟ ನಿಯಮ ಅದು. ಬಾಯಿಪಾಠ ಇರುವವರು ಪ್ರೂಫ್ ಓದಬಾರದು. ನಂಬಿದವರ ಕಣ್ಣು ಕಾಗದದ ಮೇಲಿದ್ದರೂ ನಾಲಿಗೆ ನೆನಪಿನ ಮೇಲೆ ಓಡುತ್ತದೆ, ಅಚ್ಚಿನಲ್ಲಿ ಬಿಟ್ಟುಹೋದ ಪದವನ್ನೂ ಓದಿಬಿಡುತ್ತದೆ. ಆದ್ದರಿಂದ ಹೊರಗಿನವರೇ ಓದಬೇಕು. ಸಾಹೇಬರು ಹತ್ತೊಂಬತ್ತು ವರ್ಷದಿಂದ ಓದುತ್ತಿದ್ದಾರೆ. ನಮ್ಮ ಸುವಾರ್ತೆಯನ್ನು ಸಭಾಪಾಲಕರಿಗಿಂತ ಹೆಚ್ಚು ಸಲ ಓದಿದ್ದಾರೆಂದು ಆಣೆ ಇಟ್ಟು ಹೇಳಬಲ್ಲೆ.

“ಇಷ್ಟು ಹೊತ್ತಿಗೆ ನಿಮಗೂ ಬಾಯಿಪಾಠ ಆಗಿರಬೇಕಲ್ಲ” ಎಂದು ಒಮ್ಮೆ ರೇಗಿಸಿದ್ದೆ. “ಆಗಿದೆ ಅಕ್ಕ. ಆದ್ರೆ ಅದನ್ನ ನೆಚ್ಚಿಕೊಂಡು ಕೂತಿಲ್ಲವಲ್ಲ, ಅದಕ್ಕೇ ಕಣ್ಣು ಕಾಗದ ಬಿಡಲ್ಲ” ಎಂದಿದ್ದರು. ನನಗಿಂತ ಐದು ವರ್ಷ ದೊಡ್ಡವರು, ಆದರೂ ಮೊದಲ ದಿನದಿಂದ ನಾನು ಅಕ್ಕನೇ.

ಇವತ್ತು ವಿಷಯ ಹೇಳಿದೆ. ನಮ್ಮ ಗ್ರಂಥದ ಬಗ್ಗೆ ನೀವು ನಂಬುವುದನ್ನು ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಕನ್ನಡಕ ತೆಗೆದು ಒರೆಸಿದರು.

“ಹೇಳ್ತೀನಿ. ಆದ್ರೆ ಹೇಳಿದ್ದನ್ನ ಪೂರ್ತಿ ಹಾಕಿ. ಅರ್ಧ ಹಾಕೋದಾದ್ರೆ ಬೇಡ.”

ಮೈ ಉರಿಯಿತು. “ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ಅಲ್ಪವಿರಾಮ ಬಿಟ್ಟಿದೀನಾ ಸಾಹೇಬರೇ?”

“ಇಲ್ಲ. ಅದಕ್ಕೇ ಹೇಳ್ತೀನಿ ಅಂದಿದ್ದು.”

ಆಗಸ್ಟ್ 7, ಗುರುವಾರ

ಊಟದ ಬಿಡುವಿನಲ್ಲಿ ಕುಳಿತೆವು. ಅವರು ಹೇಳಿದ್ದು ಇಷ್ಟು. ಮೂಸಾನಿಗೆ ಧರ್ಮಶಾಸ್ತ್ರವಾದ ತೌರಾತ್, ದಾವೂದನಿಗೆ ಕೀರ್ತನೆಗಳಾದ ಝಬೂರ್, ಈಸಾನಿಗೆ, ಅಂದರೆ ನಮ್ಮ ಯೇಸುವಿಗೆ, ಸುವಾರ್ತೆಯಾದ ಇಂಜೀಲ್ ಕೊಟ್ಟವನು ದೇವರೇ. ಅವನ್ನು ನಂಬದವನ ನಂಬಿಕೆ ಪೂರ್ತಿಯಲ್ಲ. ಈಗ ನಮ್ಮ ಕೈಯಲ್ಲಿರುವುದು ಅದೇನಾ ಎಂಬುದರಲ್ಲಿ ಅವರ ಪಂಡಿತರಲ್ಲೇ ಎರಡು ಮಾತಿದೆ. ಅಕ್ಷರವೇ ಬದಲಾಗಿದೆ ಎನ್ನುವವರು ಕೆಲವರು. ಅಕ್ಷರ ಹಾಗೇ ಇದೆ, ಅರ್ಥವನ್ನು ತಿರುಚಿದರು ಎನ್ನುವವರು ಕೆಲವರು.

ನಾನು ಬಿಡುತ್ತೇನೆಯೇ. ನಿಮ್ಮ ಪ್ರವಾದಿಗಿಂತ ನೂರಾರು ವರ್ಷ ಹಿಂದಿನ ಹಸ್ತಪ್ರತಿಗಳು ಇವೆ, ಅವು ಈಗಿನದಕ್ಕೆ ಹೊಂದುತ್ತವೆ. ತಿದ್ದಿದ್ದಾರೆ ಅನ್ನೋರು ತಿದ್ದದ ಮೂಲ ಎಲ್ಲಿದೆ ತೋರಿಸಲಿ ಎಂದೆ. ಅಲ್ಲದೆ ನಿಮ್ಮ ಗ್ರಂಥವೇ ಹಿಂದಿನ ಗ್ರಂಥಗಳನ್ನು ನಿಜ ಎನ್ನುತ್ತದೆ, ಸಂಶಯ ಬಂದರೆ ಮೊದಲಿನಿಂದ ಗ್ರಂಥ ಓದುತ್ತಿರುವವರನ್ನು ಕೇಳು ಎನ್ನುತ್ತದೆ. ಇದಕ್ಕೇನು ಹೇಳುತ್ತೀರಿ?

“ಕೇಳ್ತಾನೇ ಇದೀನಲ್ಲ ಅಕ್ಕ, ಹತ್ತೊಂಬತ್ತು ವರ್ಷದಿಂದ” ಎಂದರು.

ನಗು ತಡೆಯಲಾಗಲಿಲ್ಲ. ಆಮೇಲೆ ಅವರು ಸ್ವಲ್ಪ ಬಿಗಿಯಾಗಿ ಇನ್ನೊಂದು ಮಾತು ಹೇಳಿದರು. “ನಮ್ಮ ಗ್ರಂಥ ಹಿಂದಿನದನ್ನ ನಿಜ ಅನ್ನುತ್ತೆ. ಅದೇ ಉಸಿರಲ್ಲಿ, ಸರಿ-ತಪ್ಪು ನೋಡ್ತಾ ಅದನ್ನ ಕಾಯುತ್ತೆ ಅಂತಾನೂ ಅನ್ನುತ್ತೆ. ನೀವು ಮೊದಲನೇದನ್ನ ಹಿಡ್ಕೋತೀರಿ, ಎರಡನೇದನ್ನ ಬಿಟ್ಟುಬಿಡ್ತೀರಿ.” ಬರೆದುಕೊಂಡೆ.

ಮತ್ತೆ ಪ್ರೂಫಿಗೆ ಕುಳಿತೆವು, ಐದಾಗುತ್ತಲೇ ಅವರು ಗಡಿಯಾರ ನೋಡಿದರು. ಸಂಜೆ ಮಸೀದಿಯಲ್ಲಿ ಮಕ್ಕಳಿಗೆ ಗ್ರಂಥಪಾಠ ಕಲಿಸುತ್ತಾರೆ. ಒಂದು ಸ್ವರ ತಪ್ಪಿದರೂ ಮೊದಲಿನಿಂದ ಹೇಳಿಸುತ್ತಾರಂತೆ. ಹೆಂಡತಿ ತೀರಿಕೊಂಡ ಮೇಲೆ ಅವರ ಮುಖ ಅರಳುವುದು ಆ ಮಕ್ಕಳ ಮಾತು ಬಂದಾಗ ಮಾತ್ರ.

ಆಗಸ್ಟ್ 12, ಮಂಗಳವಾರ

ಇವತ್ತು ಜಗಳವೇ. ಯೇಸು ಹೋಗುವ ಮುಂಚೆ ಶಿಷ್ಯರಿಗೆ ಒಬ್ಬ ಸಹಾಯಕನನ್ನು ಕಳುಹಿಸುತ್ತೇನೆ ಎಂದು ಮಾತು ಕೊಟ್ಟದ್ದು ತಮ್ಮ ಪ್ರವಾದಿಯ ಬಗ್ಗೆ ಎಂದರು. ಆ ಸಹಾಯಕ ಪವಿತ್ರಾತ್ಮ, ಕಣ್ಣಿಗೆ ಕಾಣದವನು, ನಮ್ಮೊಳಗೇ ಇರುವವನು, ಹಿಂದೆಮುಂದೆ ಓದಿದರೆ ಎಳೆಗೂಸಿಗೂ ತಿಳಿಯುತ್ತದೆ ಎಂದೆ. “ಹಿಂದೆಮುಂದೆ ನಾನೇ ಓದಿ ಹೇಳಿದ್ದಲ್ವಾ ನಿಮಗೆ” ಎಂದರು. ಓದಿದ್ದು ನೀವು, ತಿಳಿದದ್ದು ನಾನು ಎಂದೆ. ಇಬ್ಬರೂ ಚಹಾ ಆರಿಸಿ ಕುಡಿದೆವು.

ಅವರು ಯೇಸುವನ್ನು ದೊಡ್ಡ ಪ್ರವಾದಿ ಎಂದು ಕಣ್ಣು ತಗ್ಗಿಸಿ ಹೇಳುವಾಗ ನನಗೆ ಸಂತೋಷವೂ ಆಗುತ್ತದೆ, ಅಷ್ಟು ಸಾಲದು ಎಂದೂ ಅನಿಸುತ್ತದೆ. ನಮ್ಮ ಮನೆಯ ಯಜಮಾನನನ್ನು ಯಾರೋ ‘ಬಹಳ ಒಳ್ಳೆಯ ನೆಂಟರು’ ಎಂದು ಹೊಗಳಿದ ಹಾಗೆ.

ಆಗಸ್ಟ್ 14, ಗುರುವಾರ

ಕೊನೆಯ ಮಾತುಕತೆ. ಎಲ್ಲ ಪಂಡಿತರೂ ಇರಲಿ, ನೀವು ಏನು ನಂಬುತ್ತೀರಿ, ಅದನ್ನು ಹೇಳಿ ಎಂದೆ. ಮೇಜಿನ ಮೇಲಿದ್ದ ನನ್ನ ಹಸಿರು ಪೆನ್ಸಿಲು ಉರುಳಿಸುತ್ತ ಕುಳಿತರು. ಪ್ರೆಸ್ಸಿನಲ್ಲಿ ಹಸಿರು ಹಿಡಿಯುವವಳು ನಾನೊಬ್ಬಳೇ, ಮಿಕ್ಕವರದೆಲ್ಲ ಕೆಂಪು. ಆಮೇಲೆ ಹೇಳಿದರು. ಅವರ ಬಾಯಿಂದ ಬಂದಂತೆಯೇ ಬರೆಯುತ್ತೇನೆ.

“ಇಷ್ಟು ವರ್ಷ ಇಲ್ಲಿ ಕೂತು ನೋಡಿದೀನಿ, ನಿಮ್ಮವರು ಬೇಕಂತ ಒಂದಕ್ಷರ ತಿದ್ದಲ್ಲ. ಆದ್ರೆ ಯಾರೂ ಬೇಕಂತ ತಿದ್ದದೇನೇ ಮಾತು ಬದಲಾಗುತ್ತೆ, ಅದಕ್ಕೇ ಕೊನೆಯ ಗ್ರಂಥ ಬಂತು ಅಂತ ನನ್ನ ನಂಬಿಕೆ.”

ಎರಡನೆಯದು ನನಗೆ ಒಪ್ಪಿಗೆಯಿಲ್ಲ. ಆದರೆ ಮೊದಲನೆಯದು ಕೇಳಿ ಕಣ್ಣು ತುಂಬಿತು. ನಾವು ಪಟ್ಟ ಪಾಡನ್ನು ಒಬ್ಬ ಹೊರಗಿನವರು ನೋಡಿದ್ದಾರಲ್ಲ ಎನಿಸಿತು.

ಆಗಸ್ಟ್ 21, ಗುರುವಾರ

ಬೆನ್ನು ಬಿದ್ದುಹೋಗಿದೆ. ಭಾನುವಾರಕ್ಕೆ ಪುಸ್ತಿಕೆ ಬೇಕೇ ಬೇಕು ಎಂದು ಸಭಾಪಾಲಕರು ತಲೆ ಮೇಲೆ ಕುಳಿತರು. ಸಾಹೇಬರು ಮಗಳ ಊರಿಗೆ ಹೋಗಿ ಎರಡು ದಿನವಾಯಿತು. ಇದ್ದರೂ ಬಾಯಿಪಾಠದ ನಿಯಮದ ಪ್ರಕಾರ ಅವರದೇ ಮಾತಿರುವ ಪುಸ್ತಿಕೆಯನ್ನು ಅವರಿಂದ ಓದಿಸುವ ಹಾಗಿರಲಿಲ್ಲ. ನಾನೊಬ್ಬಳೇ ಮನಸ್ಸಿನಲ್ಲೇ ಓದಿ ಮುಗಿಸಿದೆ. ಹದಿನೇಳನೆಯ ಪುಟಕ್ಕೆ ಏಳು ಸಾಲು ಚೆಲ್ಲಿತ್ತು, ಅಲ್ಲಲ್ಲಿ ಸವರಿ ಹದಿನಾರಕ್ಕೆ ಹೊಂದಿಸಿದೆ. ಅರ್ಧ ಗಂಟೆಯ ಕೆಲಸ. ಕೊನೆಯ ಪುಟದಲ್ಲಿ ಪ್ರತಿ ಮಾಡುತ್ತಿದ್ದ ಹಳೆಯ ಕಾಲದವರ ಬಗ್ಗೆ ಬರೆದ ಪ್ಯಾರಾ ನನಗೇ ಬಹಳ ಇಷ್ಟವಾಯಿತು. ಪ್ರಾಣ ಹೋದರೂ ಒಂದು ಚುಕ್ಕಿ ಬದಲಿಸಲಿಲ್ಲ ಎಂದು ಮುಗಿಸಿದ್ದೇನೆ.

ಆಗಸ್ಟ್ 24, ಭಾನುವಾರ

ಹೆಸರು ಓದಿದರು. ಚಪ್ಪಾಳೆಯೂ ಆಯಿತು. ಸಾವಿರದಲ್ಲಿ ಆರುನೂರು ಪ್ರತಿ ಬಾಗಿಲಲ್ಲೇ ಹೋದವು. ಗಾಯನ ತಂಡದ ಹಿರಿಯಾಕೆ ನನ್ನ ಕೈ ಹಿಡಿದು “ಇಷ್ಟು ದಿನ ಎಲ್ಲಿ ಅಡಗಿದ್ರಿ ನೀವು” ಎಂದರು. ತಂಗಿ ಪಕ್ಕದಲ್ಲಿ ನಿಂತು “ಪ್ರೂಫ್ ಹಿಂದೆ” ಎಂದಳು.

ಸಾಹೇಬರಿಗೆ ಒಂದು ಪ್ರತಿ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ನಾಳೆ ಬರುತ್ತಾರೆ.

ಆಗಸ್ಟ್ 28, ಗುರುವಾರ

ಸೋಮವಾರ ಬಂದರು, ಪುಸ್ತಿಕೆ ಚೀಲಕ್ಕೆ ಹಾಕಿಕೊಂಡರು, ಸಂಜೆ ಹೋದರು. ಆಮೇಲೆ ಪತ್ತೆಯಿಲ್ಲ. ಮೂರು ದಿನ. ಫೋನು ಎತ್ತುವುದಿಲ್ಲ. ಜ್ವರವಿರಬೇಕು.

ಸೆಪ್ಟೆಂಬರ್ 2, ಮಂಗಳವಾರ

ಜ್ವರವೂ ಇಲ್ಲ, ಮಣ್ಣೂ ಇಲ್ಲ. ಪ್ರೆಸ್ಸಿನ ವಿಳಾಸಕ್ಕೆ ಕಾಗದ ಬಂದಿದೆ. ಮೂರೇ ಸಾಲು. “ಪುಸ್ತಿಕೆಯಲ್ಲಿ ನನ್ನ ಮಾತನ್ನು ತಿದ್ದಲಾಗಿದೆ. ಹದಿನೈದನೇ ಪುಟ ನೋಡಿ. ಇನ್ನು ಮುಂದೆ ಕೆಲಸಕ್ಕೆ ಬರುವುದಿಲ್ಲ.” ನನಗೆ ಎಂದು ಒಂದಕ್ಷರವಿಲ್ಲ. ಅಕ್ಕ ಎಂದಿಲ್ಲ.

ತಿದ್ದಲಾಗಿದೆಯಂತೆ. ಯಾರು ತಿದ್ದಿದರು? ನಾನು ತಾನೇ? ಹತ್ತೊಂಬತ್ತು ವರ್ಷ ಎದುರುಬದುರು ಕುಳಿತು, ಒಂದೇ ಕೆಟಲಿನ ಚಹಾ ಕುಡಿದು, ಕೊನೆಗೆ ಅವರಿಗೂ ಗೊತ್ತಿರುವುದು ಅದೊಂದೇ ಆಪಾದನೆ. ಕ್ರೈಸ್ತರು ತಿದ್ದುತ್ತಾರೆ. ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ನನ್ನ ತಂಗಿ ಹದಿಮೂರು ದಿನ ಪಾಳಿ ಬದಲಿಸಿಕೊಂಡು ಪಕ್ಕ ಕುಳಿತಿದ್ದಳು. ಅದನ್ನೂ ತಿದ್ದಿದ್ದು ಎನ್ನಲಿ.

ಹದಿನೈದನೇ ಪುಟ ತೆಗೆದು ಎರಡು ಸಲ ಓದಿದೆ. ಅವರ ಮಾತು ಅವರ ಬಾಯಿಂದ ಬಂದ ಹಾಗೆಯೇ ಇದೆ, ನನ್ನ ಕಿವಿಯಲ್ಲಿ ಅವರ ದನಿಯೇ ಕೇಳಿತು. ಮೇಲೆ ಒಂದು ದಪ್ಪಕ್ಷರದ ತಲೆಬರಹ ಮಾತ್ರ ನನ್ನದಲ್ಲ. ‘ಒಬ್ಬ ಮುಸಲ್ಮಾನರ ಸಾಕ್ಷಿ’ ಎಂದಿದೆ. ಅದು ಸಭಾಪಾಲಕರ ಕೈವಾಡ, ಅಚ್ಚಿಗೆ ಹೋಗುವ ಮುಂಚೆ ಸೇರಿಸಿದ್ದಾರೆ. ಒಂದು ತಲೆಬರಹಕ್ಕೆ ಇಷ್ಟು ರಂಪ ಮಾಡುವುದೇ?

ತಂಗಿ ಇಡೀ ಕಥೆ ಕೇಳಿ “ಹೋಗಿ ಮಾತಾಡಿಸಿ ಬಾ” ಎಂದಳು. ನಾನು ಹೋಗುವುದಿಲ್ಲ. ಮಾತು ಬಿಟ್ಟವರು ಅವರು. ಗಂಟಲು ಅಂತೆ. ಕತ್ತು ಕೊಯ್ಯುವ ಗಂಟಲು.

ಸೆಪ್ಟೆಂಬರ್ 3, ಬುಧವಾರ

ಮಸೀದಿಯ ಸಮಿತಿಯ ಅಧ್ಯಕ್ಷರು ಬಂದಿದ್ದರು. ನನ್ನ ರವಿಕೆ ಹೊಲಿಯುವ ದರ್ಜಿಯೇ ಅವರು, ಅಧ್ಯಕ್ಷರೆಂದು ನನಗೆ ಇವತ್ತೇ ಗೊತ್ತಾದದ್ದು. ಜಗಳಕ್ಕೆ ಸಿದ್ಧವಾಗಿ ಎದ್ದು ನಿಂತಿದ್ದೆ. ಅವರು ಕೂತ್ಕೊಳ್ಳಲಾ ಎಂದು ಕೇಳಿ ಕುಳಿತರು.

“ತಪ್ಪು ತಿಳೀಬೇಡಿ ಮೇಡಂ. ಸಾಹೇಬರ ಪಾಠ ಸದ್ಯಕ್ಕೆ ನಿಲ್ಸಿದೀವಿ. ಅವರನ್ನ ಅವಮಾನ ಮಾಡೋಕಲ್ಲ. ಮಕ್ಕಳ ತಂದೆತಾಯಿ ಬಂದು ಕೇಳ್ತಾರೆ, ಹಿಂದಿನ ಗ್ರಂಥ ಹಾಗೇ ಇದೆ ಅಂತ ಇವರೇ ಸಾಕ್ಷಿ ಹೇಳಿದ ಮೇಲೆ ನಮ್ಮ ಮಕ್ಕಳಿಗೆ ಕಲಿಸೋದೇನು ಅಂತ. ನಾನು ಇಷ್ಟೇ ಹೇಳಿಲ್ಲ ಅಂತಾರೆ ಸಾಹೇಬರು. ಇನ್ನೇನು ಹೇಳಿದ್ರಿ ಅಂದ್ರೆ, ನಾನು ಹೇಳಿದ್ರೆ ಯಾರು ನಂಬ್ತಾರೆ, ಅಕ್ಕನ ಹತ್ತಿರ ಬರಹದಲ್ಲಿದೆ ಅಂತಾರೆ.”

“ಅಚ್ಚಾಗಿರೋದೇ ಪೂರ್ತಿ ಮಾತು” ಎಂದೆ. “ನೀವೇ ಓದಿ ನೋಡಿ.”

ಅವರು ಕನ್ನಡಕ ಏರಿಸಿ ಬೆರಳಿಟ್ಟುಕೊಂಡು ಓದಿದರು, ನಿಧಾನವಾಗಿ, ಅಕ್ಷರ ಅಕ್ಷರ. “ಇಷ್ಟು ವರ್ಷ ಇಲ್ಲಿ ಕೂತು ನೋಡಿದೀನಿ, ನಿಮ್ಮವರು ಬೇಕಂತ ಒಂದಕ್ಷರ ತಿದ್ದಲ್ಲ.” ಅಲ್ಲಿಗೆ ನಿಲ್ಲಿಸಿದರು. ನಾನು ಮುಂದಿನದಕ್ಕೆ ಕಾದೆ. ಅವರು ಕನ್ನಡಕ ತೆಗೆದರು. ಮುಂದಿನದು ಇರಲಿಲ್ಲ.

ನಿನ್ನೆ ಎರಡು ಸಲ ಓದಿದ್ದೆ. ಆಗ ಅದು ಇತ್ತು. ಆಣೆಗೂ ಇತ್ತು, ನಾನು ಓದಿದ್ದೆ.

“ನಿಮ್ಮಲ್ಲಿ ಮೂಲ ಅಂತ ಒಂದು ಇರುತ್ತಲ್ಲ ಮೇಡಂ, ಅದನ್ನ ತೋರಿಸಿಬಿಡಿ. ಅಷ್ಟು ಸಾಕು” ಎಂದು ಹೇಳಿ ದರ್ಜಿ ಎದ್ದರು. ಹೋಗುವಾಗ ಹೊಲಿಯಲು ಕೊಟ್ಟದ್ದು ಶನಿವಾರ ಸಿದ್ಧ ಎಂದರು.

ಸೆಪ್ಟೆಂಬರ್ 4, ಗುರುವಾರ

ಸಭಾಪಾಲಕರ ಕೋಣೆಗೆ ನುಗ್ಗಿದೆ, ನುಗ್ಗಿದೆ ಎನ್ನುವುದೇ ಸರಿ. ನನ್ನ ಹೆಸರು ಹಾಕಿ, ನನಗೆ ತಿಳಿಸದೆ, ಒಬ್ಬರ ಮಾತನ್ನು ಅರ್ಧ ಕತ್ತರಿಸಿ ಮೇಲೆ ಸಾಕ್ಷಿ ಎಂದು ಬೋರ್ಡು ಹಾಕಿದ್ದೀರಲ್ಲ, ಪುಲ್ಪಿಟ್ಟಿನಲ್ಲಿ ನಿಂತು ಸತ್ಯದ ಮೇಲೆ ಪ್ರಸಂಗ ಮಾಡುವವರು ನೀವೇ ತಾನೇ ಎಂದೆ. ಬೆನ್ನಿಗೆ ಚೂರಿ ಹಾಕಿದಿರಿ ಎಂದೆ. ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆಯಾಗುತ್ತದೆ.

ಅವರು ಎದ್ದು ಬಾಗಿಲು ಹಾಕಿ ಬಂದರು. “ತಲೆಬರಹ ನನ್ನದು, ಒಪ್ತೀನಿ. ವಾಕ್ಯ ಮುಟ್ಟಿಲ್ಲ. ನೀವು ಕೊಟ್ಟ ಪುಟದಲ್ಲಿ ಅಷ್ಟೇ ಇತ್ತು. ಅಷ್ಟು ಒಳ್ಳೇ ಸಾಕ್ಷಿ ಸಿಕ್ಕಿತಲ್ಲ ಅಂತ ಖುಷಿಯಾಗಿ ಹೆಡ್ಡಿಂಗ್ ಹಾಕಿದೆ.”

ಮುಖ ನೋಡಿಕೊಂಡು ಸುಳ್ಳು ಹೇಳುತ್ತಾರೆ. ಪ್ರೂಫ್‌ಗಳನ್ನೆಲ್ಲ ಒಂದು ವರ್ಷ ಗೋಣಿಚೀಲದಲ್ಲಿ ಕಟ್ಟಿಡುವುದು ನಮ್ಮ ಪದ್ಧತಿ. ನಾಳೆ ಚೀಲ ಬಿಚ್ಚಿ ಇವರ ಕೆಂಪು ಪೆನ್ನನ್ನು ಇವರ ಮೂಗಿಗೆ ಹಿಡಿಯುತ್ತೇನೆ. ಮೂಲ ತೋರಿಸಿ ಎಂದರಲ್ಲ, ಇಬ್ಬರಿಗೂ ತೋರಿಸುತ್ತೇನೆ.

ಸೆಪ್ಟೆಂಬರ್ 5, ಶುಕ್ರವಾರ

ಹಸಿರು.

ಸೆಪ್ಟೆಂಬರ್ 7, ಭಾನುವಾರ

ಆರಾಧನೆಗೆ ಹೋಗಲಿಲ್ಲ. ತಂಗಿಗೆ ತಲೆನೋವು ಎಂದೆ. ಅವಳು ಹಣೆ ಮುಟ್ಟಿ ನೋಡಿ ಒಬ್ಬಳೇ ಹೋದಳು.

ಬರೆದುಬಿಡುತ್ತೇನೆ. ಹದಿನೈದನೇ ಪುಟದಲ್ಲಿ ‘ಆದ್ರೆ’ ಇಂದ ‘ನಂಬಿಕೆ’ವರೆಗೆ ಹಸಿರು ಗೆರೆ. ಸ್ಕೇಲು ಇಟ್ಟು ಎಳೆದದ್ದು, ಅಂಚಿನಲ್ಲಿ ‘ತೆಗೆಯಿರಿ’ ಎಂದು ನನ್ನ ಅಕ್ಷರ. ಆರನೇ ಪುಟದಲ್ಲಿ, ಅವರ ಗ್ರಂಥ ಹಿಂದಿನದನ್ನು ನಿಜ ಎನ್ನುತ್ತದೆ ಎಂಬುದನ್ನು ಉಳಿಸಿ, ಕಾಯುತ್ತದೆ ಎಂಬುದರ ಮೇಲೆ ಹಸಿರು ಗೆರೆ. ಎರಡನೇದನ್ನ ಬಿಟ್ಟುಬಿಡ್ತೀರಿ ಎಂದು ಅವರು ಬೇಸರದಲ್ಲಿ ಹೇಳಿದ ಮಾತೇ ಅದು. ಹನ್ನೊಂದರಲ್ಲಿ ಸಹಾಯಕನ ವಿಷಯದಲ್ಲಿ ಅವರ ಕೊನೆಯ ಉತ್ತರದ ಮೇಲೆ ಹಸಿರು ಗೆರೆ. ನನ್ನ ಉತ್ತರ ಇದೆ, ಐದು ಸಾಲು.

ಒಟ್ಟು ಏಳು ಸಾಲು ಸವರಿದ್ದೆ. ಏಳೂ ಅವರವು. ಎಲ್ಲಿ ಸವರಲಿ ಎಂದು ಯೋಚಿಸಿದ ನೆನಪೂ ಇಲ್ಲ. ಹದಿನಾರನೇ ಪುಟದ ಪ್ರತಿ ಮಾಡುವವರ ಪ್ಯಾರಾ ಕೂದಲೂ ಕೊಂಕದೆ ಕೂತಿದೆ.

ನಾನು ಬೇಕೆಂದು ಮಾಡಲಿಲ್ಲ. ದೇವರೇ, ಬೇಕೆಂದು ಮಾಡಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಒಂದು ತಪ್ಪು-ಒಪ್ಪು ಚೀಟಿ ಅಚ್ಚು ಹಾಕಿ ಪುಸ್ತಿಕೆಗಳಿಗೆ ಅಂಟಿಸೋಣ ಎಂದು ಸಭಾಪಾಲಕರಿಗೆ ಹೇಳಿದೆ. ಹಸಿರು ಗೆರೆಯನ್ನೂ ತೋರಿಸಿದೆ, ಬೈದದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಅವರು ಕ್ಷಮಿಸಿದರು, ಚೀಟಿಗೆ ಒಪ್ಪಲಿಲ್ಲ.

“ಈ ವಿಷಯದ ಪುಸ್ತಿಕೇಲೇ ನಾವು ತಿದ್ದಿದ್ವಿ ಅಂತ ಚೀಟಿ ಹಾಕಿದ್ರೆ ಏನಂತಾರೆ ಯೋಚಿಸಿ. ನೋಡಿ, ಆವತ್ತೂ ಹೀಗೇ ಮಾಡಿರ್ತಾರೆ ಅಂತಾರೆ. ನಿಮ್ಮ ಕೈತಪ್ಪಿಗೆ ಸುವಾರ್ತೆ ಉತ್ತರ ಕೊಡಬೇಕಾ?”

ಆ ಮಾತು ಮುಳ್ಳಿನ ಹಾಗೆ ಕೂತಿತು. ನಮ್ಮ ಗ್ರಂಥವನ್ನು ನಾನು ಇವತ್ತೂ ಅಷ್ಟೇ ನಂಬುತ್ತೇನೆ. ಹಳೆಯ ಹಸ್ತಪ್ರತಿಗಳು ನಿನ್ನೆ ಎಲ್ಲಿದ್ದವೋ ಇವತ್ತೂ ಅಲ್ಲೇ ಇವೆ. ಒಂದು ಪ್ರತಿಯಲ್ಲಿ ಕೈ ತಪ್ಪಿದರೆ ಇನ್ನೊಂದು ಪ್ರತಿ ಹಿಡಿದುಕೊಡುತ್ತದೆ, ಅದಕ್ಕೇ ತಾನೇ ಅಷ್ಟು ಪ್ರತಿಗಳು. ಆದರೆ ಸಾಹೇಬರ ಮಾತಿಗೆ ಇನ್ನೊಂದು ಪ್ರತಿ ಎಲ್ಲಿದೆ? ಗೋಣಿಚೀಲದಲ್ಲಿ ಒಂದು, ಈ ದಿನಚರಿಯಲ್ಲಿ ಒಂದು. ಎರಡೂ ನನ್ನ ಕೈಯಲ್ಲೇ ಇವೆ.

ಸಂಜೆ ಎಲ್ಲರೂ ಹೋದ ಮೇಲೆ ಚೀಟಿ ನಾನೇ ಬರೆದೆ.

ಸೆಪ್ಟೆಂಬರ್ 9, ಮಂಗಳವಾರ

ಸಾಹೇಬರ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ. ಹತ್ತೊಂಬತ್ತು ವರ್ಷದಲ್ಲಿ ಎರಡೇ ಸಲ ಹೋಗಿದ್ದೆ, ಒಮ್ಮೆ ಮಗಳ ಮದುವೆಗೆ, ಒಮ್ಮೆ ಹೆಂಡತಿ ಹೋದಾಗ. ಬಾಗಿಲು ತೆಗೆದು “ಬನ್ನಿ ಅಕ್ಕ” ಎಂದರು. ಇನ್ನೂ ನಾನು ಅಕ್ಕನೇ.

ಒಳಗೆ ಎಲ್ಲ ಒಪ್ಪವಾಗಿತ್ತು. ಮಕ್ಕಳ ಪಾಠದ ಪುಸ್ತಕಗಳನ್ನು ಕಟ್ಟಿ ಕಿಟಕಿಯ ಕೆಳಗೆ ಇಟ್ಟಿದ್ದರು. ಚೀಟಿ ಕೊಟ್ಟೆ. ಓದಿ ಎಂದೆ.

ಅವರು ಕನ್ನಡಕ ಒರೆಸಿ ಹಾಕಿಕೊಂಡು, ಪ್ರೆಸ್ಸಿನಲ್ಲಿ ಓದುವ ಹಾಗೆಯೇ ಶುರು ಮಾಡಿದರು. “ಮುದ್ರಣ ದೋಷದಿಂದ ಅಲ್ಪವಿರಾಮ ಈ ಪುಸ್ತಿಕೆಯ ಆರು ಅಲ್ಪವಿರಾಮ ಹನ್ನೊಂದು ಮತ್ತು ಹದಿನೈದನೇ ಪುಟಗಳಲ್ಲಿ…”

ನಿಲ್ಲಿಸಿದರು.

“ಮೆಷಿನ್ನು ಏನು ತಪ್ಪು ಮಾಡಿತ್ತು ಅಕ್ಕ?”

ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಆ ಎರಡು ಪದ ಬರೆಯುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಎಲ್ಲ ಚೀಟಿಗಳಲ್ಲೂ ಹಾಗೇ ಬರೆಯುವುದು. ಚೀಲದಿಂದ ಹಸಿರು ಪೆನ್ಸಿಲು ತೆಗೆದು, ಕಿಟಕಿಯ ಕಟ್ಟೆಯ ಮೇಲೆ ಚೀಟಿ ಇಟ್ಟು, ‘ಮುದ್ರಣ ದೋಷದಿಂದ’ ಎಂಬುದನ್ನು ಹೊಡೆದು ಹಾಕಿ ಮೇಲೆ ಬರೆದೆ.

ಅವರು ಮತ್ತೆ ಮೊದಲಿನಿಂದ ಓದಿದರು. “ಪುಸ್ತಿಕೆ ಬರೆದ ನಾನು ಅಲ್ಪವಿರಾಮ ಜಾಗ ಹೊಂದಿಸಲು ಅಲ್ಪವಿರಾಮ ಇವರ ಮಾತಿನ ಏಳು ಸಾಲುಗಳನ್ನು ಕತ್ತರಿಸಿದ್ದೇನೆ ಪೂರ್ಣವಿರಾಮ.” ಆಮೇಲೆ ತಮ್ಮ ಏಳು ಸಾಲುಗಳನ್ನೂ ಹಾಗೆಯೇ ಓದಿದರು. ಬೇರೆ ಯಾರದೋ ಮಾತೆಂಬಂತೆ, ಏರಿಳಿತವಿಲ್ಲದೆ. ಮುಗಿದ ಮೇಲೆ “ಸರಿ ಇದೆ” ಎಂದು ಚೀಟಿಯನ್ನು ನನ್ನ ಕೈಗೆ ಕೊಟ್ಟರು.

“ನಾಳೆ ಬರ್ತೀರಾ ಸಾಹೇಬರೇ?” ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು.

“ಪುಸ್ತಿಕೆ ಮನೆಗೆ ತಂದು ಮೊದಲ ಸಲ ಓದಿದಾಗ ನನಗೆ ಏನೂ ಗೊತ್ತಾಗಲಿಲ್ಲ ಅಕ್ಕ. ಚೆನ್ನಾಗಿ ಹಾಕಿದಾರೆ ಅಂದ್ಕೊಂಡೆ. ದರ್ಜಿ ಬಂದು ತೋರಿಸಿದ ಮೇಲೇ ಕಂಡಿದ್ದು. ನೀವು ಬರೆದದ್ದನ್ನ ನಾನು ಓದಿರಲಿಲ್ಲ, ನೀವು ಬರೆದಿರ್ತೀರಿ ಅಂತ ನಂಬಿದ್ದನ್ನ ಓದಿದ್ದೆ.” ಸ್ವಲ್ಪ ನಕ್ಕರು. “ನಿಮ್ಮನ್ನ ನಾನು ಬಾಯಿಪಾಠ ಮಾಡ್ಕೊಂಡುಬಿಟ್ಟಿದ್ದೆ. ಬಾಯಿಪಾಠ ಇರೋರು ಓದಬಾರದು ಅಂತ ನಿಯಮ ಇದೆಯಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ಬಾಗಿಲವರೆಗೆ ಬಂದು ಬಿಟ್ಟರು. ಮೆಟ್ಟಿಲು ಕಡಿದು, ಹುಷಾರು ಎಂದರು.

ಸೆಪ್ಟೆಂಬರ್ 11, ಗುರುವಾರ

ಆಫೀಸಿನ ಜೆರಾಕ್ಸ್‌ನಲ್ಲಿ ಚೀಟಿ ತೆಗೆದೆ. ಸಭಾಪಾಲಕರು ನೋಡಿದರು, ತಡೆಯಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಉಳಿದ ಪ್ರತಿಗಳಿಗೆ ನಾನೂ ತಂಗಿಯೂ ಕೂತು ಅಂಟಿಸಿದೆವು. ಮೊದಲ ಚೀಟಿಯನ್ನೂ ಗೋಣಿಚೀಲದ ಪ್ರೂಫನ್ನೂ ದರ್ಜಿಗೆ ಕೊಟ್ಟು ಬಂದೆ. ಸಂಜೆ ಮಸೀದಿಯ ಪಕ್ಕದ ರಸ್ತೆಯಲ್ಲಿ ಬರುವಾಗ ಮಕ್ಕಳು ಒಟ್ಟಾಗಿ ಓದುವುದು ಕೇಳಿತು. ನಡುವೆ, ಹತ್ತೊಂಬತ್ತು ವರ್ಷ ನಾನು ಕೇಳಿದ ದನಿ ಅವರನ್ನು ನಿಲ್ಲಿಸಿತು. ಎಲ್ಲರೂ ಮೊದಲಿನಿಂದ ಶುರು ಮಾಡಿದರು.

ಪ್ರೆಸ್ಸಿನಲ್ಲಿ ಎದುರಿನ ಕುರ್ಚಿ ಖಾಲಿಯೇ ಇದೆ. ಕೀರ್ತನೆಗಳ ಪ್ರೂಫನ್ನು ನಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೇನೆ. ಪುಟ ಕಟ್ಟುವವನು ಒಮ್ಮೆ ತಲೆ ಎತ್ತಿ ನೋಡಿದ.

ಸೆಪ್ಟೆಂಬರ್ 14, ಭಾನುವಾರ

ಆರಾಧನೆ ಮುಗಿದು ಹೊರಗೆ ಮೆಟ್ಟಿಲ ಮೇಲೆ ಗಾಯನ ತಂಡದ ಹಿರಿಯಾಕೆ ಸಿಕ್ಕರು. ಪಕ್ಕದ ಮನೆಯವರ ಜೊತೆ ಮಾತು ಬಂತಂತೆ, ನಮ್ಮ ಪುಸ್ತಿಕೆಯಿಂದ ಉತ್ತರ ಕೊಟ್ಟರಂತೆ. “ಆ ಸಾಹೇಬರ ಸಾಕ್ಷಿ ಹೇಳಿಬಿಟ್ಟೆ ನೋಡಿ. ಬಾಯಿಪಾಠ ಮಾಡಿದೀನಿ” ಎಂದು ನನಗೂ ಹೇಳಿ ತೋರಿಸಿದರು. “ನಿಮ್ಮವರು ಬೇಕಂತ ಒಂದಕ್ಷರ ತಿದ್ದಲ್ಲ.” ಒಂದಕ್ಷರವೂ ತಪ್ಪಿರಲಿಲ್ಲ.

“ಅದರ ಮುಂದೆ ಇನ್ನೊಂದು ಮಾತಿದೆ” ಎಂದೆ.

“ಇಲ್ಲವಲ್ಲ. ಪುಸ್ತಕದಲ್ಲಿ ಅಷ್ಟೇ ಇರೋದು.”

“ಪುಸ್ತಕ ಬರೆದೋಳು ನಾನೇ ಅಮ್ಮ. ಇನ್ನೂ ಇತ್ತು. ನಾನೇ ಕತ್ತರಿಸಿದ್ದು.”

ಅವರು ನನ್ನ ಮುಖವನ್ನು ಮರುಕದಿಂದ ನೋಡಿದರು. “ನೀವು ಈಗ ಸೇರಿಸ್ತಿದೀರ. ಯಾರಾದ್ರೂ ಏನಾದ್ರೂ ಅಂದ್ರಾ ನಿಮಗೆ? ಹೆದರಿಸಿದ್ರಾ?”

ಚೀಲದಿಂದ ಚೀಟಿ ತೆಗೆದು ಕೊಟ್ಟೆ. ಕನ್ನಡಕ ತಂದಿಲ್ಲ, ಮನೆಗೆ ಹೋಗಿ ಓದ್ತೀನಿ ಎಂದು ಅದನ್ನು ಮಡಚತೊಡಗಿದರು. ಮಡಚಿದ್ದು ಮತ್ತೆ ಬಿಚ್ಚುವುದಿಲ್ಲ ಎಂದು ನನಗೆ ಗೊತ್ತಾಯಿತು. ಅವರ ಕೈಯಿಂದ ತೆಗೆದುಕೊಂಡೆ.

ಜನ ಇಳಿದು ಹೋಗುತ್ತಿದ್ದರು. ಕೆಲವರು ನಿಂತರು. ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತು, ಮೊದಲಿನಿಂದ ಕೊನೆಯವರೆಗೆ, ಕಾಗದದ ಮೇಲಿಂದ ಕಣ್ಣು ತೆಗೆಯದೆ, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ ಗಟ್ಟಿಯಾಗಿ ಓದಿದೆ.